ವರ್ಚುಯಲ್ ಗಣಕ: ಹಿಗ್ಗಿದ ಡಿಸ್ಕನ್ನು ಕುಗ್ಗಿಸುವುದು ಹೇಗೆ?

ಒಂದು ಗಣಕದೊಳಗೆ ತಂತ್ರಾಂಶದ ನೆರವಿನಿಂದಲೇ ಇನ್ನೊಂದು ಗಣಕವನ್ನು ನಿರ್ಮಿಸಿ ನಡೆಸುವುದು ಹೊಸ ವಿಚಾರವೇನಲ್ಲ. ಐಬಿಎಂ ಸಂಸ್ಥೆ 1960ರ ದಶಕದಲ್ಲಿಯೇ ತನ್ನ ದೊಡ್ಡ ಗಣಕಗಳಲ್ಲಿ ಇದನ್ನು ಸಾಧಿಸಿತ್ತು. 1999ರಲ್ಲಿ ವಿಎಂವೇರ್ ಸಂಸ್ಥೆ ತಂದ ವರ್ಕ್‌ಸ್ಟೇಷನ್ ತಂತ್ರಾಂಶವು ಈ ಸೌಲಭ್ಯವನ್ನು ಮೇಜಿನ ಮೇಲಿನ ಗಣಕಕ್ಕೂ ಒದಗಿಸಿತು. 2007ರಲ್ಲಿ ಬಂದ ವರ್ಚುಯಲ್‌ಬಾಕ್ಸ್ ಇಂದು ಅನೇಕ ವಿದ್ಯಾರ್ಥಿಗಳಿಗೆ ಪರಿಚಿತ. ವಿಂಡೋಸ್ ಇರುವ ಗಣಕದಲ್ಲಿಯೇ ಲಿನಕ್ಸ್ ಕಲಿಯಲು, ಹಳೆಯ ತಂತ್ರಾಂಶವನ್ನು ಓಡಿಸಲು ಇಂಥ ವರ್ಚುಯಲ್ ಗಣಕಗಳು ಬಹಳ ಅನುಕೂಲ.

ಆದರೆ ಇವುಗಳನ್ನು ಬಳಸುವವರೆಲ್ಲ ಒಂದಲ್ಲ ಒಂದು ದಿನ ಒಂದು ಒಗಟನ್ನು ಎದುರಿಸುತ್ತಾರೆ. ವರ್ಚುಯಲ್ ಗಣಕದೊಳಗಿನ ಹತ್ತಾರು ಗಿಗಾಬೈಟ್ ಕಡತಗಳನ್ನು ಅಳಿಸಿದರೂ ಹೊರಗಿನ ನಿಜವಾದ ಹಾರ್ಡ್ ಡಿಸ್ಕಿನಲ್ಲಿ ಒಂದಿಷ್ಟೂ ಜಾಗ ತೆರವಾಗುವುದಿಲ್ಲ. ಏಕೆ?

ನಿಜವಾದ ಗಣಕವನ್ನು ‘ಆತಿಥೇಯ’ ಎಂದೂ ಒಳಗಿನದನ್ನು ‘ಅತಿಥಿ’ ಎಂದೂ ಕರೆಯೋಣ. ಅತಿಥಿಯ ಇಡೀ ಹಾರ್ಡ್ ಡಿಸ್ಕ್ ಆತಿಥೇಯದಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ಕಡತವಾಗಿರುತ್ತದೆ. ನೀವು 50 ಗಿಗಾಬೈಟ್ ಡಿಸ್ಕ್ ಬೇಕೆಂದು ಸೂಚಿಸಿದರೂ ಮೊದಲಿಗೆ ಆ ಕಡತ ಬಹಳ ಚಿಕ್ಕದು. ಅತಿಥಿಯು ಬರೆದಂತೆಲ್ಲ ಅದು ಬೆಳೆಯುತ್ತದೆ. ಬೆಳೆಯುವುದು ತಾನಾಗಿಯೇ, ಕುಗ್ಗುವುದು ಮಾತ್ರ ಸಾಮಾನ್ಯವಾಗಿ ತಾನಾಗಿ ನಡೆಯದು.

ಒಂದು ಗೋದಾಮನ್ನು ಕಲ್ಪಿಸಿಕೊಳ್ಳಿ. ಗುಮಾಸ್ತ ಮೂಟೆಗಳ ಲೆಕ್ಕವನ್ನು ಖಾತೆಪುಸ್ತಕದಲ್ಲಿ ಬರೆದಿಡುತ್ತಾನೆ. ಒಂದು ಮೂಟೆ ಬೇಡವಾದಾಗ ಪುಸ್ತಕದಲ್ಲಿ ಅದರ ಹೆಸರನ್ನು ಹೊಡೆದುಹಾಕುತ್ತಾನೆಯೇ ಹೊರತು ಮೂಟೆಯನ್ನು ಹೊರಗೆ ಹಾಕುವುದಿಲ್ಲ; ಹೊಸ ಸರಕು ಬಂದಾಗ ಆ ಜಾಗವನ್ನು ಬಳಸಿದರಾಯಿತು ಎಂಬುದು ಅವನ ಲೆಕ್ಕ. ಗೋದಾಮಿನ ಮಾಲೀಕನಿಗೆ ಆ ಪುಸ್ತಕ ಓದಲು ಬಾರದು. ಅವನಿಗೆ ಕಾಣುವುದು ತುಂಬಿದ ಮೂಟೆಗಳು ಮಾತ್ರ. ಇಲ್ಲಿ ಗುಮಾಸ್ತನೇ ಅತಿಥಿ, ಮಾಲೀಕನೇ ಆತಿಥೇಯ. ಕಡತವನ್ನು ಅಳಿಸಿದಾಗ ಅತಿಥಿಯು ತನ್ನ ಪಟ್ಟಿಯನ್ನಷ್ಟೇ ತಿದ್ದುತ್ತದೆ. ಹಳೆಯ ಮಾಹಿತಿ ಡಿಸ್ಕಿನಲ್ಲಿ ಹಾಗೆಯೇ ಉಳಿಯುತ್ತದೆ.

ಹಾಗಾದರೆ ಪರಿಹಾರವೇನು? ಬೇಡವಾದ ಮೂಟೆಗಳನ್ನು ಬರಿದು ಮಾಡಿ ಮಾಲೀಕನ ಕಣ್ಣಿಗೆ ಕಾಣುವಂತೆ ಮಾಡುವುದು. ಇದು ಮೂರು ಹಂತಗಳ ಕೆಲಸ.

ಮೊದಲನೆಯದು, ಒಳಗಿನ ಕಸ ಗುಡಿಸುವುದು. ವಿಂಡೋಸಿನಲ್ಲಿ ತಾತ್ಕಾಲಿಕ ಕಡತಗಳು, ರೀಸೈಕಲ್ ಬಿನ್, ಗಣಕವನ್ನು ನಿದ್ರೆಗೆ ಕಳುಹಿಸಲು ಮೀಸಲಿಟ್ಟ ಹೈಬರ್‌ನೇಷನ್ ಕಡತ ಇವು ಸಾಕಷ್ಟು ಜಾಗ ತಿನ್ನುತ್ತವೆ. ಲಿನಕ್ಸಿನಲ್ಲಿ ಇಳಿಸಿಕೊಂಡ ಪ್ಯಾಕೇಜುಗಳ ಸಂಗ್ರಹ, ಹಳೆಯ ಕರ್ನೆಲ್‌ಗಳು ಮತ್ತು ದಿನಚರಿ ಕಡತಗಳನ್ನು ತೆಗೆಯಬಹುದು.

ಎರಡನೆಯದು, ಖಾಲಿ ಜಾಗವನ್ನೆಲ್ಲ ಸೊನ್ನೆಗಳಿಂದ ತುಂಬುವುದು. ವಿಂಡೋಸಿಗೆ ಮೈಕ್ರೋಸಾಫ್ಟ್ ನೀಡುವ ಎಸ್‌ಡಿಲೀಟ್, ಲಿನಕ್ಸಿಗೆ ಜೀರೋಫ್ರೀ ಎಂಬ ಸಾಧನಗಳಿವೆ. ಎಸ್‌ಡಿಲೀಟಿನಲ್ಲಿ ಸೊನ್ನೆ ತುಂಬುವ ಆಯ್ಕೆಯನ್ನೇ ಆರಿಸಬೇಕು. ಗುಟ್ಟಿನ ಮಾಹಿತಿ ಮರಳಿ ಸಿಗದಂತೆ ಮಾಡಲು ಯಾದೃಚ್ಛಿಕ ಅಂಕಿಗಳನ್ನು ತುಂಬುವ ಆಯ್ಕೆಯನ್ನು ಬಳಸಿದರೆ ಪರಿಣಾಮ ತಿರುಗುಮುರುಗು! ಆತಿಥೇಯದ ದೃಷ್ಟಿಯಲ್ಲಿ ಡಿಸ್ಕ್ ಪೂರ್ತಿ ತುಂಬಿದಂತಾಗುತ್ತದೆ.

ಮೂರನೆಯದು, ಅತಿಥಿಯನ್ನು ಪೂರ್ತಿ ಮುಚ್ಚಿ ಆತಿಥೇಯದಲ್ಲಿ ಕುಗ್ಗಿಸುವ ಆದೇಶ ನೀಡುವುದು. ವರ್ಚುಯಲ್‌ಬಾಕ್ಸಿನಲ್ಲಿ ಇದು ‘ಕಾಂಪ್ಯಾಕ್ಟ್’ ಆಯ್ಕೆ. ವಿಡಿಐ ಮಾದರಿಯ ಡಿಸ್ಕಿಗೆ ಅನ್ವಯಿಸುತ್ತದೆ. ಸೊನ್ನೆಗಳನ್ನು ಮಾತ್ರ ಹೊಂದಿರುವ ಖಂಡಗಳನ್ನು ಅದು ಕಡತದಿಂದ ಕಿತ್ತುಹಾಕುತ್ತದೆ. ಹೈಪರ್-ವಿ, ವಿಎಂವೇರ್, ಕೆಮು ತಂತ್ರಾಂಶಗಳಲ್ಲಿಯೂ ಇದೇ ಕೆಲಸಕ್ಕೆ ಬೇರೆ ಬೇರೆ ಆದೇಶಗಳಿವೆ.

ಇಷ್ಟಾದರೂ ಕೆಲವೊಮ್ಮೆ ಕಡತ ನಿರೀಕ್ಷಿಸಿದಷ್ಟು ಕುಗ್ಗದು. ಇದಕ್ಕೆ ಕಾರಣ ಅಳತೆಯಲ್ಲಿದೆ. ವಿಡಿಐ ಕಡತದ ಒಂದು ಖಂಡ ಸಾಮಾನ್ಯವಾಗಿ 1 ಮೆಗಾಬೈಟ್. ಅತಿಥಿಯು ಜಾಗವನ್ನು ಹಂಚುವುದು ಸಾಮಾನ್ಯವಾಗಿ 4 ಕಿಲೋಬೈಟಿನ ತುಣುಕುಗಳಲ್ಲಿ. ಅಂದರೆ ಒಂದು ಖಂಡದಲ್ಲಿ 256 ತುಣುಕುಗಳು. ಅವುಗಳಲ್ಲಿ 255 ಬರಿದಾಗಿದ್ದು ಒಂದರಲ್ಲಿ ಮಾಹಿತಿ ಇದ್ದರೂ ಇಡೀ ಖಂಡ ಉಳಿಯಲೇಬೇಕು. ಚದುರಿದ ಕಡತಗಳನ್ನು ಒಂದೆಡೆ ಕೂಡಿಸುವ ಡಿಫ್ರಾಗ್ ಕ್ರಿಯೆಯನ್ನು ಮೊದಲೇ ನಡೆಸಿದರೆ ಲಾಭ ಹೆಚ್ಚು. ಇನ್ನು, ಅತಿಥಿಯು ತನ್ನ ಡಿಸ್ಕನ್ನು ಗೂಢಲಿಪಿಯಲ್ಲಿ ಬರೆಯುತ್ತಿದ್ದರೆ ಸೊನ್ನೆಗಳೂ ಗೂಢಲಿಪಿಯಾಗಿಯೇ ಹೊರಬರುತ್ತವೆ. ಆಗ ಈ ಉಪಾಯ ಫಲಿಸದು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದುದು ‘ಸ್ನ್ಯಾಪ್‌ಶಾಟ್’ ವಿಷಯದಲ್ಲಿ. ಹಿಂದಿನ ಒಂದು ಸ್ಥಿತಿಗೆ ಮರಳಲು ಅನುಕೂಲವಾಗಲೆಂದು ಇದನ್ನು ತೆಗೆದಿಡುತ್ತೇವೆ. ಅಲ್ಲಿಂದ ಮುಂದಿನ ಬದಲಾವಣೆಗಳೆಲ್ಲ ಬೇರೊಂದು ಕಡತದಲ್ಲಿ ದಾಖಲಾಗುತ್ತವೆ. ಹಳೆಯದು ಮುಟ್ಟದೆ ಉಳಿಯುತ್ತದೆ. ಹೀಗೆ ಸರಪಳಿ ಬೆಳೆದಂತೆ ಜಾಗವೂ ಕರಗುತ್ತದೆ. ಬೇಡವಾದ ಸ್ನ್ಯಾಪ್‌ಶಾಟನ್ನು ಆ ತಂತ್ರಾಂಶದ ಮೂಲಕವೇ ತೆಗೆಯಿರಿ. ಅದು ಬದಲಾವಣೆಗಳನ್ನು ಒಂದುಗೂಡಿಸುತ್ತದೆ. ಜಾಗ ಉಳಿಸುವ ಆತುರದಲ್ಲಿ ಆ ಕಡತವನ್ನು ನೇರವಾಗಿ ಅಳಿಸಿದರೆ ಸರಪಳಿಯ ಕೊಂಡಿ ಕಳಚಿ, ಅತಿಥಿಯಲ್ಲಿದ್ದ ಕೆಲಸವೆಲ್ಲ ನಷ್ಟವಾಗಬಹುದು. ಕುಗ್ಗಿಸುವ ಮುನ್ನ ಮುಖ್ಯ ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು, ನಡುವೆ ವಿದ್ಯುತ್ ಹೋಗದಂತೆ ನೋಡಿಕೊಳ್ಳುವುದು ಒಳ್ಳೆಯದು. ಸೊನ್ನೆ ತುಂಬುವಾಗ ಕೆಲವು ತಂತ್ರಾಂಶಗಳಲ್ಲಿ ಡಿಸ್ಕ್ ಕಡತವು ಗರಿಷ್ಠ ಗಾತ್ರದವರೆಗೆ ಹಿಗ್ಗಬಹುದಾದ್ದರಿಂದ ಆತಿಥೇಯದಲ್ಲಿ ಅಷ್ಟು ಜಾಗ ಇದೆಯೇ ಎಂದು ಮೊದಲೇ ಪರೀಕ್ಷಿಸಿ.

ಈ ತೊಡಕಿಗೆ ಮೂಲ ಪರಿಹಾರವೂ ಇದೆ. ಯಾವ ಜಾಗ ಬೇಡವಾಯಿತೆಂದು ಡಿಸ್ಕಿಗೆ ತಿಳಿಸುವ ‘ಟ್ರಿಮ್’ ಎಂಬ ಆದೇಶವನ್ನು ಘನಸ್ಥಿತಿ ಡಿಸ್ಕುಗಳಿಗಾಗಿ ರೂಪಿಸಲಾಯಿತು. ವರ್ಚುಯಲ್ ಡಿಸ್ಕಿಗೂ ಈ ಸೌಲಭ್ಯವನ್ನು ಜೋಡಿಸಿದರೆ, ಗುಮಾಸ್ತ ಹೆಸರು ಹೊಡೆದ ಸುದ್ದಿ ಮಾಲೀಕನಿಗೂ ತಲುಪಿದಂತೆ. ಸೊನ್ನೆ ತುಂಬುವ ಶ್ರಮ ತಪ್ಪುತ್ತದೆ.

ಅಷ್ಟರವರೆಗೆ ಒಂದು ಸರಳ ಲೆಕ್ಕ ನೆನಪಿರಲಿ. 100 ಗಿಗಾಬೈಟ್ ಜಾಗವಿರುವ ಆತಿಥೇಯದಲ್ಲಿ ತಲಾ 50 ಗಿಗಾಬೈಟಿನ ಮೂರು ಅತಿಥಿಗಳಿಗೆ ಮಾತು ಕೊಟ್ಟಿದ್ದರೆ, ಎಲ್ಲರೂ ತಮ್ಮ ಪಾಲು ಕೇಳಿದ ದಿನ ಕೊಡಲು ಜಾಗವಿರದು. ಆಗ ಅತಿಥಿಗಳು ಕೆಲಸದ ನಡುವೆಯೇ ಸ್ತಬ್ಧವಾಗುತ್ತವೆ. ಡಿಸ್ಕ್ ಕಡತದ ಗಾತ್ರವನ್ನು ಆಗಾಗ ನೋಡುತ್ತಿರುವುದೇ ಜಾಣತನ.