ಕತ್ತರಿ ತಾಕದ ಅಂಚು

ಹಲವು ಪದರಗಳ ಬಟ್ಟೆಯನ್ನು ಒಂದರ ಮೇಲೊಂದಿಟ್ಟು ಹೊಲಿಗೆಯಿಂದ ಒಂದುಗೂಡಿಸಿದ ಹೊದಿಕೆ ಯಾವುದೇ ಇರಲಿ, ಅದು ಬಳಕೆಗೆ ಸಿದ್ಧವೆನಿಸುವುದು ಅದರ ನಾಲ್ಕು ಅಂಚುಗಳು ನೇರವಾಗಿ, ನಾಲ್ಕು ಮೂಲೆಗಳು ಭದ್ರವಾಗಿ ನಿಂತಾಗಲೇ. ಹೊಲಿಗೆ ಬಿದ್ದಲ್ಲೆಲ್ಲ ಬಟ್ಟೆ ಒಂದಿಷ್ಟು ಒಳಕ್ಕೆ ಸೇದಿಕೊಳ್ಳುವುದರಿಂದ, ಸಾವಿರಾರು ಹೊಲಿಗೆಗಳು ಬಿದ್ದ ಮೇಲೆ ಮೊದಲಿನ ಆಯತ ಹಾಗೆಯೇ ಉಳಿಯದೆ, ಒಂದು ಬದಿ ಗಿಡ್ಡವಾಗಿ, ಇನ್ನೊಂದು ಬದಿ ಅಲೆಯಂತೆ ಏರಿಳಿದು, ಮೂಲೆ ಸೊಟ್ಟಗಾಗಿರುತ್ತದೆ. ಈ ಸೊಟ್ಟನ್ನು ಕೊನೆಯಲ್ಲಿ ಕತ್ತರಿಸಿ ತೆಗೆಯುವ ಪದ್ಧತಿ ಒಂದಿದೆ; ಕತ್ತರಿಸುವ ಪ್ರಮೇಯವೇ ಬಾರದಂತೆ ಅಂಚಿನಿಂದಲೇ ಹೊಲಿಗೆ ಹಿಡಿಯುವ ಪದ್ಧತಿ ಇನ್ನೊಂದಿದೆ. ಎರಡನೆಯದು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಣ್ಣುಮಕ್ಕಳ ಕೈಯಲ್ಲಿ ಬೆಳೆದು ಬಂದದ್ದು.

ಮೊದಲನೆಯ ಪದ್ಧತಿಯನ್ನು ಅರಿಯದೆ ಎರಡನೆಯದರ ಜಾಣ್ಮೆ ಕಾಣದು. ಕ್ವಿಲ್ಟ್ ಎಂದು ಹೆಸರಾದ ಪಾಶ್ಚಾತ್ಯ ಹೊದಿಕೆಯಲ್ಲಿ ತುಂಡುಗಳನ್ನು ಜೋಡಿಸಿದ ಮೇಲ್ಪದರ, ನಡುವೆ ಹತ್ತಿಯ ಅಥವಾ ಪಾಲಿಯೆಸ್ಟರಿನ ಹಾಸು, ಕೆಳಗೆ ಅಸ್ತರು ಎಂಬ ಮೂರು ಪದರಗಳಿರುತ್ತವೆ. ಹಾಸನ್ನೂ ಅಸ್ತರನ್ನೂ ಮೇಲ್ಪದರಕ್ಕಿಂತ ಸುತ್ತಲೂ 2ರಿಂದ 4 ಇಂಚು ದೊಡ್ಡದಾಗಿ ಇಟ್ಟುಕೊಂಡು, ಹೊಲಿಗೆಯನ್ನು ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ ನಡೆಸುವುದರಿಂದ, ಸಡಿಲ ಬಟ್ಟೆಯೆಲ್ಲ ಅಂಚಿನ ಕಡೆಗೆ ಸರಿಯುತ್ತ ಹೋಗುತ್ತದೆ. ಹೊಲಿಗೆ ಮುಗಿದ ಹೊದಿಕೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಿ, ಅಗಲವನ್ನೂ ಉದ್ದವನ್ನೂ ಎರಡು ತುದಿಗಳಲ್ಲಿ ಮಾತ್ರವಲ್ಲದೆ ನಡುವೆಯೂ ಅಳೆದು, ಮೂಲೆಯಿಂದ ಎದುರು ಮೂಲೆಗೆ ಹಾಯುವ ಎರಡು ಕರ್ಣಗಳನ್ನು ಹೋಲಿಸಲಾಗುತ್ತದೆ. ಎದುರು ಬದಿಗಳು ಪರಸ್ಪರ ಸಮವಾಗಿದ್ದು ಕರ್ಣಗಳೂ ಸಮವಾಗಿದ್ದರೆ ಮೂಲೆಗಳು ಮಟ್ಟವಾಗಿವೆ ಎಂದರ್ಥ. ಮನೆ ಕಟ್ಟುವವರು ಪಾಯಕ್ಕೆ ಗುರುತು ಹಾಕುವಾಗ ದಾರ ಹಿಡಿದು ನೋಡುವುದೂ ಇದನ್ನೇ. ಗೆರೆ ಎಳೆದ ದೊಡ್ಡ ಅಳತೆಪಟ್ಟಿ ಇಲ್ಲದ ಮನೆಯಲ್ಲಿ ಬಡಗಿಯ ಮೂಲೆಮಟ್ಟವೋ, ನೆಲಕ್ಕೆ ಹಾಸಿದ ಟೈಲ್ಸ್‌ಗಳ ಸಂದುಗೆರೆಯೋ ಆ ಕೆಲಸ ಮಾಡುತ್ತದೆ. ಕತ್ತರಿಸುವ ಗೆರೆಗಿಂತ ತುಸು ಒಳಗೆ ಸುತ್ತಲೂ ಒಂದು ಸಾಲು ಹೊಲಿಗೆ ಹಾಕಿಕೊಂಡರೆ ಪದರಗಳು ಜಾರುವುದಿಲ್ಲ. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ತಂದ ರೋಟರಿ ಕಟರ್, ಅಂದರೆ ಹಿಡಿಕೆಯ ತುದಿಯಲ್ಲಿ ಉರುಳುವ ದುಂಡು ಅಲಗು, ಈ ಕೆಲಸವನ್ನು ಬಹಳ ಹಗುರ ಮಾಡಿತು. ಆ ಬಳಿಕ ಕತ್ತರಿಸಿದ ಅಂಚಿನ ಎಳೆ ಬಿಚ್ಚಿಕೊಳ್ಳದಂತೆ, ಸುಮಾರು 2.5 ಇಂಚು ಅಗಲದ ಪಟ್ಟಿಯನ್ನು ಉದ್ದುದ್ದಕ್ಕೆ ಮಡಚಿ, ಸುತ್ತಲೂ ಕೂಡಿಸಿ ಹೊಲಿಯುತ್ತಾರೆ.

ಕರ್ನಾಟಕದಲ್ಲಿ ಇಂಥ ಹೊದಿಕೆಗೆ ಕೌದಿ ಎಂಬ ಹೆಸರು ಎಲ್ಲರಿಗೂ ಪರಿಚಿತ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಸಿಂಧ್ ಪ್ರಾಂತದ ರಲ್ಲಿ ಇದರ ಬಳಗಕ್ಕೇ ಸೇರಿದವು. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳೆಲ್ಲ ಕೌದಿಯೊಳಗೆ ಸೇರುತ್ತವೆ. ಧಾರವಾಡ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಹಳೆಯ ಕೌದಿಯನ್ನೇ ಒಡಲಲ್ಲಿಟ್ಟು ಮೇಲೆ ಹೊಸ ಹೊದಿಕೆ ಹಾಕಿ ಹೊಲಿಯುವುದೂ ಉಂಟು. ಇದರ ಚರಿತ್ರೆಯನ್ನು ಬರೆದಿಟ್ಟವರು ಕಡಿಮೆ, ಏಕೆಂದರೆ ಹೊದ್ದು ಹರಿದ ವಸ್ತುವನ್ನು ಯಾವ ಸಂಗ್ರಹಾಲಯವೂ ಬಹುಕಾಲ ತನ್ನದೆಂದು ಎತ್ತಿಡಲಿಲ್ಲ.

ಸಿದ್ದಿಗಳು ಆಫ್ರಿಕಾ ಮೂಲದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡು ಸೇರಿದವರು ಅವರ ಪೂರ್ವಿಕರಲ್ಲಿ ಅನೇಕರು. ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ ಮೊದಲಾದ ತಾಲ್ಲೂಕುಗಳಲ್ಲಿ ನೆಲೆಸಿರುವ ಇವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರು ಧರ್ಮದವರೂ ಇದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಇವರು ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂಯಲ್ ಅವರು ಕವಂದಿಗಳನ್ನು ಕಲಾಕೃತಿಗಳೆಂದೇ ಅಧ್ಯಯನ ಮಾಡಿದ ಮೇಲೆ ಹೊರಗಿನ ಜಗತ್ತಿಗೆ ಇವುಗಳ ಪರಿಚಯ ಹೆಚ್ಚಾಯಿತು.

ಕವಂದಿಯಲ್ಲಿ ಮೊದಲು ಹಾಸುವುದು ಹಳೆಯ ಹತ್ತಿ ಸೀರೆ; ಅದೇ ಅಸ್ತರು. ಅದರ ಬದಿಯನ್ನು ಒಳಮುಖವಾಗಿ ಮಡಚಿ, ಅಂಚಿಗೆ ಇಡುವ ತುಂಡುಗಳ ಹೊರಬದಿಯನ್ನೂ ಹಾಗೆಯೇ ಒಳಕ್ಕೆ ಮಡಚಿ, ಎರಡೂ ಮಡಿಕೆಗಳು ಒಂದೇ ಗೆರೆಗೆ ಬರುವಂತೆ ಕೂಡಿಸಿ, ಒಂದು ಮೂಲೆಯಿಂದ ಹೊಲಿಗೆ ಹಿಡಿಯಲಾಗುತ್ತದೆ. ದಪ್ಪ ದಾರದ ಸರಳ ಹೊಲಿಗೆ ಒಂದೇ. ತುಂಡನ್ನು ಕೂಡಿಸುವುದೂ ಅದೇ, ಪದರಗಳನ್ನು ಬಿಗಿಯುವುದೂ ಅದೇ. ಸೂಜಿ ಹೊದಿಕೆಯ ಸುತ್ತ ಒಂದು ಸುತ್ತು ಬಂದು, ಮತ್ತೆ ಅದರ ಒಳಗೊಂದು ಸುತ್ತು ಹಾಕಿ, ಹೀಗೆ ಕಿರಿದಾಗುತ್ತ ಹೋಗುವ ಚೌಕಗಳಲ್ಲಿ ನಡುವಿನತ್ತ ಸಾಗುತ್ತದೆ. ಮುಂದಿನ ತುಂಡುಗಳು ಹಿಂದಿನವುಗಳ ಕಚ್ಚಾ ಬದಿಯನ್ನು ಮುಚ್ಚುತ್ತ ಬರುತ್ತವೆ.

ಈ ಕ್ರಮದಲ್ಲಿ ಮೊದಲ ದಿನವೇ ಅಂಚು ಮುಗಿದಿರುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಹೊಲಿಗೆ ಒಳಕ್ಕೆ ಸಾಗಿದಂತೆ ಸಡಿಲ ಬಟ್ಟೆಯೂ ಹೊರಗೆ ಹೋಗದೆ ಒಳಕ್ಕೇ ಸರಿಯುತ್ತದೆ, ಮತ್ತು ಇನ್ನೂ ಹೊಲಿಯದ ನಡುಭಾಗದಲ್ಲಿ ಅದನ್ನು ಅಂಗೈಯಿಂದ ಸವರಿ ಹರಡಲು, ಬೇಕೆಂದಲ್ಲಿ ತುಂಡಿನ ಅಳತೆಯನ್ನು ಹಿಗ್ಗಿಸಲು ಕುಗ್ಗಿಸಲು ಅವಕಾಶವಿರುತ್ತದೆ. ಆದುದರಿಂದ ಕತ್ತರಿಸಿ ಎಸೆಯಬೇಕಾದ ಅಂಚು ಎಂಬುದು ಉಳಿಯುವುದಿಲ್ಲ. ಕವಂದಿಯ ಬದಿಗಳು ಅಳತೆಪಟ್ಟಿ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ತಪ್ಪದಿರುತ್ತವೆ ಎಂದಲ್ಲ. ಸಣ್ಣ ಬಾಗು ಇದ್ದೇ ಇರುತ್ತದೆ, ಆದರೆ ಅದು ಹೊದಿಕೆ ಹೊಲಿಸಿಕೊಳ್ಳುತ್ತ ತಾನಾಗಿ ಪಡೆದ ಬಾಗು, ಅದನ್ನು ದೋಷವೆಂದು ಎಣಿಸುವುದು ಸರಿಯಲ್ಲ. ಒಂದೊಂದು ತುಂಡಿಗೂ ಒಬ್ಬೊಬ್ಬರ ಉಡುಗೆಯ ನೆನಪಿರುವ ಹೊದಿಕೆಯಲ್ಲಿ ಮೂರಿಂಚು ಬಟ್ಟೆಯನ್ನು ಕಸಕ್ಕೆ ಹಾಕದಿರುವುದು ಬಡತನದ ಲೆಕ್ಕಾಚಾರ ಮಾತ್ರವೇ ಆಗಿರಲಾರದು.

ಅಂಚಿಗಿಂತಲೂ ಹೆಚ್ಚಿನ ಗೌರವ ಸಲ್ಲುವುದು ಮೂಲೆಗೆ. ಚೌಕ ತುಂಡನ್ನು ಮಡಿಸಿ ಮಡಿಸಿ ತ್ರಿಕೋನ ಮಾಡಿ, ಅಂಥವನ್ನು ಪದರ ಪದರವಾಗಿ ನಾಲ್ಕು ಮೂಲೆಗಳಿಗೂ ಕೂಡಿಸುತ್ತಾರೆ. ಇದಕ್ಕೆ ‘ಫುಲ’, ಅಂದರೆ ಹೂವು, ಎಂದು ಹೆಸರು. ಎಷ್ಟು ಅಂದವಾಗಿ ಹೊಲಿದಿದ್ದರೂ ಫುಲವಿಲ್ಲದ ಕವಂದಿ ಪೂರ್ಣವಾದದ್ದಲ್ಲ, ಅದು ಬತ್ತಲೆ ಎಂಬುದು ಹೊಲಿಯುವವರ ಭಾವನೆ. ಇದರಲ್ಲಿ ಅಲಂಕಾರದ ಜೊತೆಗೆ ಉಪಯೋಗವೂ ಅಡಗಿರುವಂತೆ ತೋರುತ್ತದೆ. ಹೊದಿಕೆಯನ್ನು ಕೊಡವುವಾಗ ಕೈ ಹಿಡಿಯುವುದು ಮೂಲೆಯನ್ನು, ಒಗೆದು ಹಿಂಡುವಾಗ ಜಗ್ಗುವುದು ಮೂಲೆಯನ್ನು, ಒಣಹಾಕಿದಾಗ ನೀರಿನ ಭಾರ ಇಳಿಯುವುದೂ ಮೂಲೆಗೇ. ಅಲ್ಲಿ ನಾಲ್ಕಾರು ಪದರ ಹೆಚ್ಚಿಗೆ ಇದ್ದರೆ ಹೊದಿಕೆಯ ಆಯುಷ್ಯ ಹೆಚ್ಚುವುದು ಸಹಜ. ಆದರೂ ಹೆಸರಿಟ್ಟವರು ಬಲದ ಮಾತು ಬಿಟ್ಟು ಹೂವಿನ ಮಾತಾಡಿದ್ದಾರೆ ಎಂಬುದು ಆ ಕೈಗಳ ಬಗ್ಗೆ ಬಹಳಷ್ಟನ್ನು ತಿಳಿಸುತ್ತದೆ. ಕ್ರೈಸ್ತ ಸಿದ್ದಿಗಳ ಕವಂದಿಯಲ್ಲಿ ಶಿಲುಬೆಯೂ ಮುಸ್ಲಿಂ ಸಿದ್ದಿಗಳ ಕವಂದಿಯಲ್ಲಿ ಅರ್ಧಚಂದ್ರವೂ ಕಾಣಿಸಿಕೊಳ್ಳಬಹುದು, ಆದರೆ ಮೂಲೆಯ ಹೂವು ಮೂವರಿಗೂ ಒಂದೇ.

ಪೇಟೆಯ ಗಿರಾಕಿಗಳಿಗೆ ಬೇಕಾದದ್ದು ಮಂಚದ ಅಳತೆಗೆ ಇಂಚೂ ತಪ್ಪದ ಹೊದಿಕೆ. ಸಿದ್ದಿ ಮನೆಗಳಲ್ಲಿ ಕವಂದಿಯ ಅಳತೆ ನಿರ್ಧಾರವಾಗುತ್ತಿದ್ದದ್ದು ಅದರಡಿ ಮಲಗುವವರ ಲೆಕ್ಕದಿಂದ: ತೊಟ್ಟಿಲ ಕೂಸಿಗೆ ಒಂದು, ಒಬ್ಬರಿಗೆ ಒಂದು, ಮಕ್ಕಳೊಂದಿಗೆ ಮಲಗುವ ತಾಯಿಗೆ ಇನ್ನೂ ದೊಡ್ಡದು. ಮಾರಾಟದಿಂದ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬರುವುದು ಅವಶ್ಯವಾದ ಮಾತು. ಅಂಗಡಿಗೆ ಹೋಗುವ ಕವಂದಿಯ ಬದಿಗಳು ಇನ್ನಷ್ಟು ನೇರವಾದರೆ ಅದಕ್ಕೆ ಅವರನ್ನು ಆಕ್ಷೇಪಿಸಲಾಗದು.

ಹೆಚ್ಚಿನ ತೊಡಕು ಇರುವುದು ಬಟ್ಟೆಯಲ್ಲಿಯೇ. ಹತ್ತಿ ಸೀರೆಯನ್ನು ಮಡಚಿ ಉಗುರಿನಿಂದ ಒಂದು ಸಲ ಗೀರಿದರೆ ಮಡಿಕೆ ನಿಲ್ಲುತ್ತದೆ, ಅಂಚು ಹುಟ್ಟುವುದು ಆ ಮಡಿಕೆಯಿಂದಲೇ. ಈಗ ಮನೆಗಳಲ್ಲಿ ಹಳತಾಗುವ ಸೀರೆಗಳು ಹೆಚ್ಚಾಗಿ ಪಾಲಿಯೆಸ್ಟರಿನವು. ಅವು ಬಣ್ಣಗೆಡುವುದಿಲ್ಲ, ಬೇಗ ಹರಿಯುವುದೂ ಇಲ್ಲ, ಆದರೆ ಗೀರಿದ ಮಡಿಕೆಯನ್ನು ಹಿಡಿದಿಟ್ಟುಕೊಳ್ಳದೆ ಬೆರಳಿನಡಿಯಿಂದ ಜಾರಿ ಬಿಚ್ಚಿಕೊಳ್ಳುತ್ತವೆ. ಅವುಗಳನ್ನು ನಡುವಿನ ತುಂಡುಗಳಿಗೆ ಹೇಗಾದರೂ ಹೊಂದಿಸಬಹುದು. ಅಂಚಿಗೆ ಮಾತ್ರ, ಉಟ್ಟು ಒಗೆದು ಮೆತ್ತಗಾದ ಹತ್ತಿಯ ಸೀರೆಯೇ ಬೇಕು. ಅಂಥದು ಅಜ್ಜಿಯ ಪೆಟ್ಟಿಗೆಯಲ್ಲಿ ಇನ್ನೊಂದೋ ಎರಡೋ ಉಳಿದಿರಬಹುದು.