ಬೇಸಿಗೆಯ ಬಟ್ಟಲಿಗೆ ಮನೆಯ ಮೊಸರು

ಯುಗಾದಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ನಮ್ಮ ಮನೆಗಳ ಆಹಾರಕ್ರಮ ತಾನಾಗಿಯೇ ಬದಲಾಗುತ್ತದೆ. ಎಣ್ಣೆ ಖಾರಗಳ ಅಡುಗೆ ಹಿಂದೆ ಸರಿದು ಮಜ್ಜಿಗೆ, ಅಂಬಲಿ, ನುಚ್ಚು ಮುಂದೆ ಬರುತ್ತವೆ. ಹಿರಿಯರು ಈ ಬದಲಾವಣೆಯನ್ನು ಸಂತೋಷದಿಂದ ಒಪ್ಪುತ್ತಾರೆ. ಮಕ್ಕಳು ಮಾತ್ರ ಒಪ್ಪುವುದಿಲ್ಲ. ಅವರ ಮನಸ್ಸೆಲ್ಲ ಅಂಗಡಿಯ ಪೆಟ್ಟಿಗೆಯಲ್ಲಿರುವ ಬಣ್ಣದ ತಂಪು ತಿನಿಸಿನ ಮೇಲೆ. ಬೇಡವೆಂದು ಗದರಿಸಿದರೆ ಆಸೆ ಇನ್ನಷ್ಟು ಹೆಚ್ಚುತ್ತದೆ. ಬೇಡವೆನ್ನುವುದಕ್ಕಿಂತ ಅದಕ್ಕಿಂತ ಒಳ್ಳೆಯದೊಂದನ್ನು ಮನೆಯಲ್ಲಿಯೇ ಮಾಡಿ ಕೊಡುವುದು ಜಾಣತನ. ಆದ್ದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಮೊಸರನ್ನು ಮಂಜುಗಟ್ಟಿಸಿ ತಯಾರಿಸುವ ಫ್ರೋಜನ್ ಯೋಗರ್ಟನ್ನೂ, ಮೊಸರು ಮಜ್ಜಿಗೆಗಳೊಡನೆ ಹೊಂದುವ ಇನ್ನೂ ಕೆಲವು ಸಸ್ಯಾಹಾರದ ಪದಾರ್ಥಗಳನ್ನೂ ಓದುಗ ಸದ್ಭಕ್ತರ ಮುಂದಿಡುತ್ತಿದ್ದೇವೆ.

ಕೊಳ್ಳುವ ಮುನ್ನ ಓದಬೇಕಾದದ್ದು

ಅಂಗಡಿಯಲ್ಲಿ ಸಿಗುವ ಎಲ್ಲ ತಂಪು ತಿನಿಸೂ ಹಾಲಿನದಲ್ಲ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದಂತೆ 'ಐಸ್ ಕ್ರೀಮ್' ಎಂದು ಹೆಸರಿಸಿದ ಪದಾರ್ಥದಲ್ಲಿ ಹಾಲಿನ ಕೊಬ್ಬು ಶೇಕಡಾ 10ಕ್ಕೆ ಕಡಿಮೆ ಇರಬಾರದು. 'ಫ್ರೋಜನ್ ಡೆಸರ್ಟ್' ಎಂದು ಬರೆದಿರುವುದರಲ್ಲಿ ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂತಹ ಸಸ್ಯಜನ್ಯ ಕೊಬ್ಬನ್ನು ಬಳಸಬಹುದು. ನೋಟದಲ್ಲಿಯೂ ರುಚಿಯಲ್ಲಿಯೂ ಎರಡೂ ಒಂದೇ ಎನ್ನಿಸುವುದರಿಂದ ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದದೆ ವ್ಯತ್ಯಾಸ ತಿಳಿಯದು.

ಎರಡನೆಯ ವಿಷಯ ಸಸ್ಯಾಹಾರಿಗಳಾದ ನಮಗೆ ಇನ್ನೂ ಮುಖ್ಯವಾದುದು. ಕೆಲವು ಬಗೆಯ ಯೋಗರ್ಟು ಮತ್ತು ತಂಪು ಸಿಹಿಗಳನ್ನು ಗಟ್ಟಿಗೊಳಿಸಲು ಜೆಲಾಟಿನ್ ಬೆರೆಸುತ್ತಾರೆ. ಪ್ರಾಣಿಗಳ ಎಲುಬು ಮತ್ತು ಚರ್ಮವನ್ನು ಬೇಯಿಸಿ ತೆಗೆಯುವ ಪದಾರ್ಥವದು. ಕೆಲವು ಐಸ್ ಕ್ರೀಮುಗಳಲ್ಲಿ ಮೊಟ್ಟೆಯ ಹಳದಿಯೂ ಇರುತ್ತದೆ. ನಮ್ಮ ದೇಶದಲ್ಲಿ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಕಂದು ಚೌಕದೊಳಗಿನ ಕಂದು ತ್ರಿಕೋನ ಮಾಂಸಾಹಾರದ ಗುರುತು. ಓದಲಿಕ್ಕೆಂದೋ ಉದ್ಯೋಗಕ್ಕೆಂದೋ ಅಮೆರಿಕ, ಇಂಗ್ಲೆಂಡುಗಳಿಗೆ ಹೋದ ನಮ್ಮ ಮಕ್ಕಳಿಗೆ ಎಲ್ಲ ಪೊಟ್ಟಣಗಳ ಮೇಲೂ ಈ ಗುರುತು ದೊರೆಯುವುದಿಲ್ಲ. ಅವರು ಪದಾರ್ಥಗಳ ಪಟ್ಟಿಯಲ್ಲಿ 'ಜೆಲಾಟಿನ್' ಎಂಬ ಹೆಸರನ್ನು ಹುಡುಕಿ ನೋಡಬೇಕು. ಹಣ್ಣಿನ ಯೋಗರ್ಟಿಗೆ ಗುಲಾಬಿ ಬಣ್ಣ ಕೊಡಲು ಬಳಸುವ 'ಕಾರ್ಮೈನ್' ಒಂದು ಕೀಟದಿಂದ ತೆಗೆದ ಬಣ್ಣವೆಂಬುದನ್ನೂ ನೆನಪಿಡಬೇಕು. ಮನೆಯಲ್ಲಿಯೇ ಮಾಡಿಕೊಂಡರೆ ಈ ಹುಡುಕಾಟದ ತೊಂದರೆಯೇ ಇಲ್ಲ.

ಮೊಸರಿನ ಗುಣವೇನು?

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಹೆಪ್ಪಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳು ಅದರ ಒಂದು ಭಾಗವನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಪರಿವರ್ತಿಸುತ್ತವೆ. ಆ ಹುಳಿಗೆ ಹಾಲಿನ ಪ್ರೋಟೀನು ಗಟ್ಟಿಯಾಗಿ ಮೊಸರಾಗುತ್ತದೆ. ಹಾಲು ಕುಡಿದರೆ ಹೊಟ್ಟೆಯುಬ್ಬರ ಪಡುವ ಅನೇಕರಿಗೆ ಮೊಸರು ಒಗ್ಗುವುದು ಇದೇ ಕಾರಣದಿಂದ. ಯೋಗರ್ಟಿನಲ್ಲಿ ಕೆಲಸ ಮಾಡುವ ಎರಡು ಜೀವಿಗಳಲ್ಲಿ ಒಂದನ್ನು 1905ರಲ್ಲಿ ಬಲ್ಗೇರಿಯದ ವಿದ್ಯಾರ್ಥಿ ಸ್ಟಾಮೆನ್ ಗ್ರಿಗೊರೋವ್ ಗುರುತಿಸಿದನು. ಅದರ ಹೆಸರಿನಲ್ಲಿ ಇಂದಿಗೂ ಆ ದೇಶದ ಹೆಸರು ಉಳಿದುಕೊಂಡಿದೆ.

ಮಂಜುಗಟ್ಟಿಸಿದರೆ ಈ ಜೀವಿಗಳು ಸಾಯುವುದಿಲ್ಲವೇ ಎಂಬ ಸಂಶಯ ಸಹಜ. ಕೆಲವು ಸಾಯುತ್ತವೆ, ಉಳಿದವು ನಿದ್ರಿಸಿದಂತೆ ಇದ್ದು ಬೆಚ್ಚಗಾದಾಗ ಮತ್ತೆ ಎಚ್ಚರಗೊಳ್ಳುತ್ತವೆ. ಹಾಗೆಂದು ಫ್ರೋಜನ್ ಯೋಗರ್ಟನ್ನು ಔಷಧಿಯೆಂದು ತಿಳಿಯಬಾರದು. ಅದು ಒಂದು ಒಳ್ಳೆಯ ಸಿಹಿತಿನಿಸು, ಅಷ್ಟೆ.

ಮೊಸರಿನ ಇನ್ನೊಂದು ಉಪಕಾರವನ್ನು ಸಸ್ಯಾಹಾರಿ ಕುಟುಂಬಗಳು ಮರೆಯಬಾರದು. ನರಗಳ ಸ್ವಾಸ್ಥ್ಯಕ್ಕೂ ರಕ್ತದ ಉತ್ಪತ್ತಿಗೂ ಬೇಕಾದ ಬಿ-12 ಜೀವಸತ್ವ ಕಾಳು ಪಲ್ಯಗಳಲ್ಲಿ ನಂಬುವಷ್ಟು ದೊರೆಯುವುದಿಲ್ಲ. ನಮಗೆ ಅದರ ಮುಖ್ಯ ಮೂಲ ಹಾಲು, ಮೊಸರು, ಮಜ್ಜಿಗೆ, ಪನೀರುಗಳೇ. ವಯಸ್ಸಾದವರು ಹಸಿವಿಲ್ಲವೆಂದು ಅನ್ನ ಸಾರಿನಲ್ಲಿಯೇ ಊಟ ಮುಗಿಸಿ ಹಾಲು ಮಜ್ಜಿಗೆಗಳನ್ನು ಬಿಟ್ಟರೆ ಕೊರತೆ ಮೆಲ್ಲಮೆಲ್ಲನೆ ಬೆಳೆಯುತ್ತದೆ. ಕೈಕಾಲು ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ಮರೆವು, ಅತಿಯಾದ ದಣಿವು ಕಂಡುಬಂದರೆ ವಯಸ್ಸಿನ ದೋಷವೆಂದು ಸುಮ್ಮನಿರದೆ ವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಕೊರತೆ ಬಹುಕಾಲ ಮುಂದುವರಿದರೆ ನರಗಳಿಗಾದ ಹಾನಿ ಪೂರ್ಣವಾಗಿ ವಾಸಿಯಾಗದೆ ಉಳಿಯಬಹುದು.

ಮೊದಲು ಒಳ್ಳೆಯ ಮೊಸರು

ಒಂದು ಲೀಟರ್ ಕೆನೆಸಹಿತ ಹಾಲನ್ನು ಕಾಯಿಸಿ, ಉಕ್ಕಿ ಬಂದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಇಡಬೇಕು. ಇದರಿಂದ ರೋಗಾಣುಗಳು ನಾಶವಾಗುವುದಲ್ಲದೆ ಹಾಲಿನ ಪ್ರೋಟೀನು ಹದಗೊಂಡು ಮೊಸರು ಗಟ್ಟಿಯಾಗಿ ಬರುತ್ತದೆ. ಅನಂತರ ಉಗುರುಬೆಚ್ಚಗಾಗುವವರೆಗೆ ಆರಿಸಬೇಕು. ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿಕೊಂಡರೆ ಬೆಚ್ಚಗೆನಿಸಬೇಕು, ಸುಡಬಾರದು. ಎರಡು ಚಹಾ ಚಮಚ ತಾಜಾ, ಹುಳಿಯಿಲ್ಲದ ಮೊಸರನ್ನು ಹೆಪ್ಪಾಗಿ ಹಾಕಿ ಚೆನ್ನಾಗಿ ಬೆರೆಸಿ ಅಲುಗಿಸದೆ ಮುಚ್ಚಿಡಬೇಕು. ಬೇಸಿಗೆಯಲ್ಲಿ ಐದಾರು ಗಂಟೆ ಸಾಕು. ಹೆಪ್ಪುಗೊಂಡ ಕೂಡಲೇ ಫ್ರಿಜ್ಜಿಗೆ ಸೇರಿಸದಿದ್ದರೆ ಹುಳಿ ಏರುತ್ತದೆ. ಹುಳಿ ಏರಿದಷ್ಟೂ ಅದನ್ನು ಮುಚ್ಚಲು ಸಕ್ಕರೆ ಹೆಚ್ಚು ಬೇಕಾಗುತ್ತದೆ.

ಈ ಮೊಸರನ್ನು ಒಗೆದ ಬಿಳಿಯ ಅರಿವೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೊಂದು ಪಾತ್ರೆಯಿಟ್ಟು ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಿಡಬೇಕು. ಬಿಸಿಲುಗಾಲದಲ್ಲಿ ಗೂಟಕ್ಕೆ ತೂಗುಹಾಕಿದರೆ ಬೆಳಗಾಗುವಷ್ಟರಲ್ಲಿ ಹುಳಿಯಾಗಿರುತ್ತದೆ. ನೀರೆಲ್ಲ ಇಳಿದು ಮೊಸರು ಸುಮಾರು ಅರ್ಧದಷ್ಟಾಗುತ್ತದೆ. ಶ್ರೀಖಂಡ ಮಾಡುವವರಿಗೆ ಈ ಕ್ರಮ ಹೊಸದಲ್ಲ. ಇಲ್ಲಿ ನೀರು ತೆಗೆಯುವುದಕ್ಕೆ ಇನ್ನೊಂದು ಕಾರಣವೂ ಇದೆ: ಉಳಿದ ನೀರೇ ಮಂಜಿನ ಹರಳಾಗಿ ನಾಲಿಗೆಗೆ ಮರಳಿನಂತೆ ತಗಲುತ್ತದೆ.

ಕೆಳಗಿಳಿದ ತಿಳಿನೀರನ್ನು ಚೆಲ್ಲಬಾರದು. ಅದರಲ್ಲಿ ಒಳ್ಳೆಯ ಪ್ರೋಟೀನೂ, ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳೂ ಇವೆ. ಚಪಾತಿಯ ಹಿಟ್ಟು ನಾದಲು, ಅಂಬಲಿಗೆ ಬೆರೆಸಲು, ಸಾರಿಗೆ ಹುಳಿಯಾಗಿ ಬಳಸಲು ಅದು ಯೋಗ್ಯವಾಗಿದೆ. ಅನ್ನದ ಅಗುಳನ್ನು ಪ್ರಸಾದವೆಂದು ಕಾಣುವ ನಾವು ಈ ತಿಳಿಯನ್ನೂ ಹಾಗೆಯೇ ಕಾಣುವುದು ಉಚಿತ.

ಮಾವಿನಹಣ್ಣಿನ ಫ್ರೋಜನ್ ಯೋಗರ್ಟ್

ಬೇಕಾಗುವ ಪದಾರ್ಥಗಳು: ಮೇಲಿನಂತೆ ನೀರಿಳಿಸಿದ ಗಟ್ಟಿ ಮೊಸರು 2 ಬಟ್ಟಲು, ಮಾವಿನಹಣ್ಣಿನ ತಿರುಳು 1 ಬಟ್ಟಲು, ಸಕ್ಕರೆ ಪುಡಿ ಅಥವಾ ಸೋಸಿ ಆರಿಸಿದ ಗಟ್ಟಿ ಬೆಲ್ಲದ ಪಾಕ 60 ಗ್ರಾಂ, ಏಲಕ್ಕಿ ಪುಡಿ ಕಾಲು ಚಮಚ, ಉಪ್ಪು ಒಂದು ಚಿಟಿಕೆ. ಇದು ಎಂಟು ಜನರಿಗೆ ಸಾಕಾಗುತ್ತದೆ.

ಧಾರವಾಡದ ಆಪೂಸು ಸಿಕ್ಕರೆ ಬಹಳ ಒಳ್ಳೆಯದು. ನಾರಿಲ್ಲದ ಯಾವ ಹಣ್ಣಾದರೂ ಆದೀತು. ತಿರುಳನ್ನು ನುಣ್ಣಗೆ ರುಬ್ಬಿ, ಉಳಿದೆಲ್ಲವನ್ನೂ ಸೇರಿಸಿ ಗಂಟಿಲ್ಲದಂತೆ ಕಡೆಯಬೇಕು. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಒಂದು ಅಂಗುಲ ದಪ್ಪಕ್ಕೆ ಹರಡಿ, ಮುಚ್ಚಿ, ಫ್ರೀಜರಿನಲ್ಲಿ ಇಡಬೇಕು. ಮುಕ್ಕಾಲು ಗಂಟೆಯ ನಂತರ ಅಂಚುಗಳು ಗಟ್ಟಿಯಾಗಿರುತ್ತವೆ. ಆಗ ಹೊರತೆಗೆದು ಮುಳ್ಳುಚಮಚದಿಂದ ಅಂಚನ್ನು ಕೆರೆದು ನಡುವಿಗೆ ಸೇರಿಸಿ ಜೋರಾಗಿ ಕಲಕಬೇಕು. ಅರ್ಧ ಗಂಟೆಗೊಮ್ಮೆ ಹೀಗೆ ಮೂರು ನಾಲ್ಕು ಸಲ ಮಾಡಿದರೆ ದೊಡ್ಡ ಹರಳುಗಳು ಒಡೆದು ಪದಾರ್ಥ ನುಣುಪಾಗುತ್ತದೆ. ಆಮೇಲೆ ಎರಡು ಗಂಟೆ ಹಾಗೆಯೇ ಬಿಡಬೇಕು. ಬಡಿಸುವ ಹತ್ತು ನಿಮಿಷ ಮೊದಲು ಹೊರಗಿಟ್ಟರೆ ಚಮಚಕ್ಕೆ ಸುಲಭವಾಗಿ ಬರುತ್ತದೆ.

ಚಿಕ್ಕು, ಬಾಳೆಹಣ್ಣು, ವಿಜಯಪುರದ ದ್ರಾಕ್ಷಿ ಇವುಗಳಿಂದಲೂ ಹೀಗೆಯೇ ಮಾಡಬಹುದು. ಹಸಿ ಅನಾನಸು ಮತ್ತು ಪಪ್ಪಾಯಿಗಳನ್ನು ಮಾತ್ರ ನೇರವಾಗಿ ಬೆರೆಸಬಾರದು. ಅವುಗಳಲ್ಲಿರುವ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆದು ಕಹಿಯಾಗಿಸುತ್ತವೆ. ಆ ಹಣ್ಣುಗಳನ್ನು ಕೆಲವು ನಿಮಿಷ ಬೇಯಿಸಿ ಆರಿಸಿ ಬಳಸಿದರೆ ತೊಂದರೆಯಿಲ್ಲ.

ಫ್ರೀಜರ್ ಇಲ್ಲದ ಮನೆಯಲ್ಲಿ

ದೊಡ್ಡ ಬಕೆಟ್ಟಿನಲ್ಲಿ ಮೂರು ಪಾಲು ಪುಡಿಮಾಡಿದ ಮಂಜುಗಡ್ಡೆಗೆ ಒಂದು ಪಾಲು ಕಲ್ಲುಪ್ಪು ಬೆರೆಸಿ, ಅದರ ನಡುವೆ ಮಿಶ್ರಣ ತುಂಬಿದ ಮುಚ್ಚಳದ ಸ್ಟೀಲ್ ಡಬ್ಬಿಯನ್ನು ಹೂತಿಡಬೇಕು. ಉಪ್ಪು ಬೆರೆತ ಮಂಜುಗಡ್ಡೆ ಸೊನ್ನೆ ಡಿಗ್ರಿಗಿಂತ ಬಹಳ ಕೆಳಗಿನ ಉಷ್ಣತೆಯಲ್ಲಿಯೂ ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ಡಬ್ಬಿಯೊಳಗಿನಿಂದ ಎಳೆದುಕೊಳ್ಳುತ್ತದೆ. ಡಬ್ಬಿಯನ್ನು ತಿರುಗಿಸುತ್ತ, ಐದು ನಿಮಿಷಕ್ಕೊಮ್ಮೆ ಒಳಗಿನ ಅಂಚನ್ನು ಕೆರೆಯುತ್ತ ಬಂದರೆ ಮುಕ್ಕಾಲು ಗಂಟೆಯೊಳಗೆ ತಿನ್ನುವ ಹದಕ್ಕೆ ಬರುತ್ತದೆ. ಮುಚ್ಚಳ ತೆರೆಯುವ ಮುನ್ನ ಮೇಲಿನ ಉಪ್ಪುನೀರನ್ನು ಒರೆಸಬೇಕು. ಉಪ್ಪು ಬೆರೆತ ಮಂಜು ಬರಿಗೈಗೆ ತಾಗಿದರೆ ಚರ್ಮಕ್ಕೆ ಹಾನಿಯಾಗುವುದರಿಂದ ಅರಿವೆ ಹಿಡಿದು ಕೆಲಸ ಮಾಡಬೇಕು; ಮಕ್ಕಳನ್ನು ಇದಕ್ಕೆ ಬಿಡಬಾರದು.

ಎಚ್ಚರಿಕೆಯ ಕೆಲವು ಮಾತು

ಶೈತ್ಯವು ರೋಗಾಣುಗಳನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಮಾತ್ರ. ಆದ್ದರಿಂದ ಕಾಯಿಸದ ಹಾಲು, ತೊಳೆಯದ ಹಣ್ಣು, ಶುದ್ಧವಲ್ಲದ ನೀರು ಸಲ್ಲದು. ಮಂಜುಗಡ್ಡೆಯ ಕಾರ್ಖಾನೆಯಿಂದ ತಂದ ದಿಮ್ಮಿ ಕುಡಿಯುವ ನೀರಿನದೇ ಆಗಿರಬೇಕೆಂದಿಲ್ಲ. ಅದನ್ನು ಡಬ್ಬಿಯ ಹೊರಗಷ್ಟೇ ಬಳಸಬೇಕು, ಪಾನಕ ಮಜ್ಜಿಗೆಗಳಿಗೆ ಹಾಕಬಾರದು. ವಿದ್ಯುತ್ ಹೋಗಿ ಪೂರ್ಣ ಕರಗಿ ಎರಡು ಗಂಟೆಗೂ ಹೆಚ್ಚು ಹೊರಗಿನ ಸೆಖೆಯಲ್ಲಿ ಉಳಿದದ್ದನ್ನು ಮತ್ತೆ ಗಟ್ಟಿ ಮಾಡಿ ಮಕ್ಕಳಿಗೆ ಕೊಡಬಾರದು. ಮಾಡಿದ್ದನ್ನು ಒಂದು ವಾರದೊಳಗೆ ಮುಗಿಸುವುದು ಲೇಸು.

ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ, ಹೊರಗಿನಿಂದ ಬೆರೆಸುವ ಸಕ್ಕರೆಯು ದಿನದ ಒಟ್ಟು ಆಹಾರಶಕ್ತಿಯ ಶೇಕಡಾ 10ನ್ನು ಮೀರಬಾರದೆಂದೂ, ಶೇಕಡಾ 5ಕ್ಕೆ, ಅಂದರೆ ವಯಸ್ಕರಲ್ಲಿ ಸುಮಾರು 25 ಗ್ರಾಮಿಗೆ, ಇಳಿಸಿದರೆ ಇನ್ನೂ ಒಳಿತೆಂದೂ ತಿಳಿಸಿದೆ. ಮೇಲಿನ ಅಳತೆಯಲ್ಲಿ ಒಬ್ಬರ ಪಾಲಿಗೆ ಬರುವುದು ಏಳೂವರೆ ಗ್ರಾಂ ಸಕ್ಕರೆ. ಸಕ್ಕರೆಯನ್ನು ಪೂರ್ತಿ ಬಿಟ್ಟರೆ ಮಿಶ್ರಣ ಕಲ್ಲಿನಂತಾಗುತ್ತದೆ. ಸಿಹಿಯ ಅಂಶವೇ ಅದನ್ನು ಮೃದುವಾಗಿಡುವುದು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಬೆಲ್ಲ ಹಾಕಿದ್ದೇವೆಂಬ ಧೈರ್ಯದಿಂದ ಮಧುಮೇಹವುಳ್ಳವರು ತಿನ್ನುವುದು ಸರಿಯಲ್ಲ. ಅವರಿಗೆ ಮಜ್ಜಿಗೆಯೇ ಉತ್ತಮ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ಬೆರೆಸಿದ್ದನ್ನು ನೆಕ್ಕಿಸಲೂಬಾರದು. ರಾತ್ರಿಯಲ್ಲಿ ಮೊಸರು ಸಲ್ಲದೆಂದು ಚರಕಸಂಹಿತೆ ಹೇಳುತ್ತದೆ. ಆ ನಿಯಮವನ್ನು ಪಾಲಿಸುವ ಮನೆಗಳಲ್ಲಿ ಇದನ್ನು ಮಧ್ಯಾಹ್ನದ ಊಟದ ನಂತರ ಬಡಿಸಬಹುದು.

ಜೊತೆಗಿರಲಿ ಈ ಪದಾರ್ಥಗಳು

ಸಿಹಿ ವಾರಕ್ಕೊಮ್ಮೆ ಸಾಕು. ದಿನನಿತ್ಯದ ತಂಪಿಗೆ ಕೆಳಗಿನವು ಹೆಚ್ಚು ಹಿತಕರ.

ಜೋಳದ ನುಚ್ಚು ಮಜ್ಜಿಗೆ: ಒಂದು ಬಟ್ಟಲು ಜೋಳದ ನುಚ್ಚನ್ನು ತೊಳೆದು ಒಂದು ಗಂಟೆ ನೆನೆಸಿ, ನಾಲ್ಕೈದು ಬಟ್ಟಲು ನೀರಿನಲ್ಲಿ ಉಪ್ಪು ಹಾಕಿ ಮೆತ್ತಗೆ ಬೇಯಿಸಬೇಕು. ಆರಿದ ಮೇಲೆ ಕಡೆದ ಮಜ್ಜಿಗೆ ಬೆರೆಸಿ, ಜೀರಿಗೆ ಪುಡಿ, ಕೊತ್ತಂಬರಿ ಸೊಪ್ಪು ಹಾಕಬೇಕು. ಶೇಂಗಾ ಚಟ್ನಿಪುಡಿಯೋ ಅಗಸೆ ಚಟ್ನಿಪುಡಿಯೋ ಜೊತೆಗಿದ್ದರೆ ಅದೊಂದು ಪೂರ್ಣ ಊಟ. ಹೊಲದಲ್ಲಿ ದುಡಿಯುವವರಿಗೆ ನೀರು, ಉಪ್ಪು, ಶಕ್ತಿ ಮೂರೂ ಒಂದೇ ಬಟ್ಟಲಿನಲ್ಲಿ ದೊರೆಯುತ್ತವೆ.

ದೊಡ್ಡಪತ್ರೆ ತಂಬುಳಿ: ಹತ್ತು ಹನ್ನೆರಡು ದೊಡ್ಡಪತ್ರೆ ಎಲೆಗಳನ್ನು ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಲು ಬಟ್ಟಲು ತೆಂಗಿನತುರಿಯೊಡನೆ ರುಬ್ಬಿ, ಒಂದೂವರೆ ಬಟ್ಟಲು ಮಜ್ಜಿಗೆಗೆ ಉಪ್ಪಿನೊಂದಿಗೆ ಬೆರೆಸಬೇಕು. ಮಲೆನಾಡು ಕರಾವಳಿಗಳ ಈ ಪದಾರ್ಥವನ್ನು ಕುದಿಸುವಂತಿಲ್ಲ. ಅನ್ನಕ್ಕೆ ಕಲಸಿಕೊಳ್ಳಬಹುದು, ಹಾಗೆಯೇ ಕುಡಿಯಲೂಬಹುದು.

ಹೆಸರುಬೇಳೆ ಕೋಸಂಬರಿ: ಒಂದು ಬಟ್ಟಲು ಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಬಸಿದು, ಹೆಚ್ಚಿದ ಸೌತೆಕಾಯಿ, ತೆಂಗಿನತುರಿ, ಕೊತ್ತಂಬರಿ, ನಿಂಬೆರಸ ಸೇರಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಡಬೇಕು. ಉಪ್ಪನ್ನು ಬಡಿಸುವಾಗ ಹಾಕಿದರೆ ಸೌತೆ ನೀರೊಡೆಯುವುದಿಲ್ಲ.

ಮಸಾಲೆ ಮಜ್ಜಿಗೆ: ಒಂದು ಬಟ್ಟಲು ಮೊಸರಿಗೆ ಮೂರು ಬಟ್ಟಲು ನೀರು ಸೇರಿಸಿ ಕಡೆದು, ಜಜ್ಜಿದ ಶುಂಠಿ, ಕರಿಬೇವು, ಹುರಿದ ಜೀರಿಗೆಯ ಪುಡಿ, ಉಪ್ಪು ಬೆರೆಸಬೇಕು. ರಕ್ತದೊತ್ತಡವುಳ್ಳವರು ಉಪ್ಪನ್ನು ಕಡಿಮೆ ಮಾಡಿಕೊಳ್ಳಬೇಕು.

ಮಕ್ಕಳನ್ನು ಈ ಕೆಲಸದಲ್ಲಿ ಸೇರಿಸಿಕೊಳ್ಳಬೇಕೆಂಬುದು ತಾಯಂದಿರಲ್ಲಿಯೂ ತಂದೆಯರಲ್ಲಿಯೂ ನಮ್ಮ ವಿನಂತಿ. ಹೆಪ್ಪು ಹಾಕುವುದು, ಹಣ್ಣು ತೊಳೆಯುವುದು, ಅರ್ಧ ಗಂಟೆಗೊಮ್ಮೆ ಡಬ್ಬಿ ತೆಗೆದು ಕಲಕುವುದು ಅವರಿಗೆ ಆಟವೂ ಹೌದು, ಪಾಠವೂ ಹೌದು. ತಾನು ತಿನ್ನುವುದರಲ್ಲಿ ಏನೇನಿದೆ ಎಂದು ಅರಿತ ಮಗು ನಾಳೆ ದೂರದ ಊರಿನಲ್ಲಿ ಒಬ್ಬನೇ ಅಂಗಡಿಯ ಮುಂದೆ ನಿಂತಾಗಲೂ ಪೊಟ್ಟಣವನ್ನು ತಿರುಗಿಸಿ ಓದುತ್ತದೆ. ಬೇಸಿಗೆಯ ರಜೆ ಇನ್ನೂ ಉಳಿದಿದೆ. ಇಂದಿನ ರಾತ್ರಿಯೇ ಒಂದು ಲೀಟರ್ ಹಾಲಿಗೆ ಹೆಪ್ಪು ಹಾಕಿ ಆರಂಭಿಸಬಹುದು.