‘ತೀರ್ಪು’ ಎಂಬ ಮಾತು

“ನ್ಯಾಯಾಲಯದ ತೀರ್ಪು ಹೊರಬಿತ್ತು” ಎಂದು ಪತ್ರಿಕೆಯಲ್ಲಿ ಓದುತ್ತೇವೆ. “ಅಂಗಡಿಯ ಸಾಲ ತೀರಿಸಿ ಬಾ” ಎಂದು ಮನೆಯಲ್ಲಿ ಹಿರಿಯರು ಹೇಳುತ್ತಾರೆ. ನ್ಯಾಯಾಧೀಶರ ಮಾತಿಗೂ ಅಂಗಡಿಯ ಲೆಕ್ಕಕ್ಕೂ ಏನು ಸಂಬಂಧ? ಎರಡರ ಬೇರೂ ಒಂದೇ. ಅದು ‘ತೀರು’ ಎಂಬ ಧಾತು.

ನೆನೆ ಎಂಬುದರಿಂದ ನೆನಪು, ಹೊಳೆ ಎಂಬುದರಿಂದ ಹೊಳಪು ಆದಂತೆ ತೀರು ಎಂಬುದರಿಂದ ತೀರ್ಪು ಆಯಿತು. ಜಗಳವನ್ನು ತೀರಿಸುವುದೇ ತೀರ್ಪು. ಸಾಲ ತೀರುತ್ತದೆ, ಹರಕೆ ತೀರುತ್ತದೆ, ಬಾಯಾರಿಕೆ ತೀರುತ್ತದೆ. ಸರಕಾರಕ್ಕೆ ಸಲ್ಲಿಸುವ ಭೂಕಂದಾಯಕ್ಕೆ ನಮ್ಮ ಕಡೆ ‘ತೀರ್ವೆ’ ಎಂದು ಹೆಸರು. ಹಿರಿಯರು ಕಾಲವಾದರೆ ‘ತೀರಿಕೊಂಡರು’ ಎನ್ನುತ್ತೇವೆ. ಆನಂದ ಮಿತಿಮೀರಿದಾಗ ‘ಹೇಳತೀರದು’ ಎನ್ನುತ್ತೇವೆ.

ವಿದ್ಯಾರ್ಥಿಗಳು ತೀರ್ಪು, ತೀರ್ಮಾನ ಎರಡನ್ನೂ ಒಂದೇ ಎಂದು ಬರೆಯುವುದುಂಟು. ಸಭೆ ತನ್ನ ವಿಷಯದಲ್ಲಿ ತಾನೇ ತೀರ್ಮಾನ ಕೈಗೊಳ್ಳುತ್ತದೆ. ಇಬ್ಬರ ನಡುವಣ ವಿವಾದದಲ್ಲಿ ಮೂರನೆಯವರು ಕೊಡುವುದು ತೀರ್ಪು. ಆಟದ ಬಯಲಿನಲ್ಲಿ ತೀರ್ಪುಗಾರರು ಇರುವುದೂ ಇದಕ್ಕಾಗಿಯೇ.

ಕಾಸರಗೋಡಿನ ಮಕ್ಕಳಾದ ನಮಗೆ ಇನ್ನೊಂದು ಲಾಭವಿದೆ. ಮಲೆಯಾಳದ ನೆರೆಯವರು ಅನ್ನ ಮುಗಿದರೆ ‘ಚೋರ್ ತೀರ್ನ್ನು’ ಎನ್ನುತ್ತಾರೆ. ತೀರ್ಪಿಗೆ ‘ತೀರ್ಪ್’ ಎನ್ನುತ್ತಾರೆ. ತುಳುವಿನಲ್ಲಿ ‘ಎಂಕ್ ತೀರುಜಿ’ ಎಂದರೆ ನನ್ನಿಂದಾಗದು ಎಂದರ್ಥ. ತಮಿಳಿನಲ್ಲಿ ‘ತೀರ್ಪ್ಪು’, ತೆಲುಗಿನಲ್ಲಿ ‘ತೀರ್ಪು’. ಗುಂಡರ್ಟರ ಮಲೆಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹತ್ತಿರದ ಮಂಗಳೂರಿನಲ್ಲೇ ಪ್ರಕಟವಾದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ನೆಂಟಸ್ತಿಕೆ ಕಾಣುತ್ತದೆ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಮಾತಿನ ಬೇರು ಬದಲಾಗಲಿಲ್ಲ.

‘ಮುಗಿಯಿತು’, ‘ತೀರಿತು’ ಎಂಬ ಮಾತುಗಳಲ್ಲಿಯೂ ಸೂಕ್ಷ್ಮ ಭೇದವಿದೆ. ಮಳೆಗಾಲ ತಾನಾಗಿ ಮುಗಿಯುತ್ತದೆ. ಸಾಲ ಮಾತ್ರ ದಿನ ಕಳೆದಷ್ಟಕ್ಕೆ ತೀರುವುದಿಲ್ಲ, ಯಾರಾದರೂ ತೀರಿಸಬೇಕು. ಜಗಳವೂ ಹಾಗೆಯೇ. ಮಾತು ಬಿಟ್ಟರೆ ಜಗಳ ನಿಂತೀತು, ತೀರಲಾರದು. ಎರಡು ಕಡೆಯವರ ಮಾತನ್ನೂ ಕೇಳಿ, ಕೊಡಬೇಕಾದುದನ್ನು ಕೊಟ್ಟು, ಒಪ್ಪಬೇಕಾದುದನ್ನು ಒಪ್ಪಿದಾಗಲೇ ಅದು ತೀರುವುದು. ಗೆಳೆಯನೊಡನೆ ಮುನಿಸಿಕೊಂಡ ಬಾಲಕನೂ, ಪಾಲಿನ ಗದ್ದೆಗಾಗಿ ವ್ಯಾಜ್ಯ ಹೂಡಿದ ಅಣ್ಣತಮ್ಮಂದಿರೂ ಇದನ್ನು ನೆನೆಯಬೇಕು.

ಇಷ್ಟಾದರೂ ತೀರಿಸಲಾಗದ ಸಾಲವೂ ಒಂದಿದೆ. ಅದನ್ನು ‘ತಾಯಿಯ ಋಣ’ ಎನ್ನುತ್ತೇವೆ. ತಾಯ್ನುಡಿಯ ಋಣವೂ ಅಂತಹುದೇ. ತೀರದಿದ್ದರೂ, ಅದನ್ನು ಶುದ್ಧವಾಗಿ ಆಡಿ, ಬರೆದು, ಮುಂದಿನವರಿಗೆ ಒಪ್ಪಿಸುವುದು ನಮ್ಮ ಕೈಯಲ್ಲಿದೆ.